ಸರ್ವರಿಗೊಂದು ಬಾಡಿಗೆ ಮನೆ

ಮದುವೆಯಾಗಿ ಬನಹಟ್ಟಿಗೆ ಬಂದ ಹೊಸದರಲ್ಲಿ ಯಾರು ಏನು ಹೇಳಿದರೂ ನನಗೆ ಕೇಳಿಸುತ್ತಿರಲಿಲ್ಲ. ಕೆಳಗೆ ಪಾವರಲೂಮುಗಳು, ಮೇಲೆ ನಾವು. ಮಗ್ಗ ನಡೆಯುವಷ್ಟು ಹೊತ್ತು ಇಡೀ ಮನೆ ಸಣ್ಣಗೆ ನಡುಗುತ್ತಿತ್ತು. ಕಟ್ಟೆಯ ಮೇಲಿಟ್ಟ ಲೋಟ ತಾನಾಗಿಯೇ ಅಂಚಿಗೆ ಸರಿಯುತ್ತಿತ್ತು. ನನ್ನ ತವರು ಗಲಗಲಿಯ ಕಡೆ, ಹೊಳೆಯ ದಂಡೆ. ಅಲ್ಲಿ ಗದ್ದಲವೆಂದರೆ ಎಮ್ಮೆ ಕೂಗುವುದು, ಇಲ್ಲವೇ ನನ್ನಪ್ಪ ಎಮ್ಮೆಯನ್ನು ಕೂಗುವುದು. ಇಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಬೈಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ತಿಳಿಯದೆ ನಾನು ಎರಡಕ್ಕೂ ತಲೆಯಾಡಿಸುತ್ತಿದ್ದೆ. ಹೊಸ ಸೊಸೆ ಬಹಳ ಸಂಭಾವಿತಳೆಂದು ಓಣಿಯಲ್ಲಿ ಹೆಸರಾಯಿತು.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯ ಕಾರುಬಾರೆಲ್ಲ ಮಾವನ ಅಕ್ಕನದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಈಗ ಇಡೀ ಓಣಿಗೆ ಆಯಿ. ಮಾವ ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ. ಅಕ್ಕನ ಮಾತು ಮಾತ್ರ ಕೇಳುತ್ತಿದ್ದರು, ಏಕೆಂದರೆ ಮಗ್ಗದ ಸದ್ದನ್ನು ದಾಟಿ ಬರುತ್ತಿದ್ದ ದನಿ ಅದೊಂದೇ. ನನ್ನ ಗಂಡ ಜಮಖಂಡಿಯಲ್ಲಿದ್ದ ನಮ್ಮ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದರು. ರಬಕವಿಯಲ್ಲಿ ಇನ್ನೊಂದು ಅಂಗಡಿ. ಮದುವೆಯ ವಯಸ್ಸಿಗೆ ಬಂದಿದ್ದ ನಾದಿನಿ ಒಬ್ಬಳು. ನಾನು ಬಿ.ಕಾಂ. ಓದಿದ್ದೆನಾದ್ದರಿಂದ ಎರಡೂ ಅಂಗಡಿಯ ಲೆಕ್ಕ ನನ್ನ ಕೊರಳಿಗೆ ಬಿತ್ತು.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ ಅದು. ಜಮಖಂಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬರಿದ್ದರು. ನಾನೂ ಅವರ ಬಳಿಯೇ ಕಲಿತವಳು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಅಂಗಡಿಗೊಂದು ಕಂಪ್ಯೂಟರ್ ಇಟ್ಟು, ಮನೆಯಲ್ಲಿ ಒಂದು ಸರ್ವರ್ ಇಟ್ಟುಬಿಟ್ಟರೆ ಯಾವ ಅಂಗಡಿಯಲ್ಲಿ ಯಾವ ಸೀರೆ ಹೋಯಿತೆಂಬುದು ಬನಹಟ್ಟಿಯಲ್ಲೇ ಕೂತು ಗೊತ್ತಾಗುತ್ತದೆ ಎಂದು ಅವರು ಮಾವನಿಗೆ ಹೇಳಿದರು. ಮಗ ಜಮಖಂಡಿಯಲ್ಲಿ ಏನು ಮಾಡುತ್ತಾನೆಂದು ಬನಹಟ್ಟಿಯಲ್ಲಿ ಕೂತು ನೋಡಬಹುದು ಎಂದು ಮಾವ ಅದನ್ನು ಅರ್ಥ ಮಾಡಿಕೊಂಡು ತಕ್ಷಣ ಒಪ್ಪಿದರು.

ಮೊದಲು ಸರ್ವರನ್ನು ಕೆಳಗೆ ಮಗ್ಗದ ಪಕ್ಕದ ಆಫೀಸಿನಲ್ಲಿ ಇಟ್ಟೆವು. ಕೆಲವೇ ತಿಂಗಳಲ್ಲಿ ಅದು ಉಬ್ಬಸದವರ ಹಾಗೆ ಸದ್ದು ಮಾಡತೊಡಗಿತು. ಮಾಸ್ತರ ಬಂದು ಮುಚ್ಚಳ ತೆಗೆದರು. ಒಳಗೆಲ್ಲ ನೂಲಿನ ಧೂಳು, ಗುಬ್ಬಿ ಗೂಡು ಕಟ್ಟಿದ ಹಾಗೆ.

“ಇದರಾಗ ಒಂದು ತಲಿದಿಂಬು ತುಂಬಬೋದಲ್ರಿ,” ಎಂದರು ಮಾಸ್ತರ.

ಧೂಳು ಬಾರದ, ತಂಪಾದ ಖೋಲಿ ಬೇಕು, ಎ.ಸಿ. ಕೂಡಿಸಬೇಕು ಎಂದಾಯಿತು. ಮೇಲಿನ ಅಂತಸ್ತಿನಲ್ಲಿ ಅಂಥದು ಇದ್ದದ್ದು ಒಂದೇ, ಆಯಿ ಉಪ್ಪಿನಕಾಯಿ ಜಾಡಿ ಮತ್ತು ಹಪ್ಪಳದ ಡಬ್ಬಿ ಇಡುತ್ತಿದ್ದ ಖೋಲಿ. ಜಾಡಿಗಳು ಅಡುಗೆಮನೆಗೆ ಬಂದವು. ಆಯಿ ಆ ವಾರವೆಲ್ಲ ನನ್ನ ಕೂಡ ಮಾತಾಡಲಿಲ್ಲ. ಜಾಡಿ ಎತ್ತಿಟ್ಟವಳು ನಾನೇ ಆಗಿದ್ದೆ.

ನಮ್ಮ ಓಣಿಗೆ ಅದು ಮೊದಲ ಎ.ಸಿ. ಬಾಗಿಲು ಸುಮ್ಮನೆ ತೆರೆಯಬಾರದು, ಚಪ್ಪಲಿ ಹೊರಗೆ ಬಿಡಬೇಕು, ಸಂಬಂಧವಿಲ್ಲದವರು ಒಳಗೆ ಹೋಗಬಾರದು ಎಂದು ಮಾಸ್ತರ ಹೇಳಿ ಹೋದರು. ಇದಕ್ಕೆ ಮಾವ ತಮ್ಮದೊಂದು ನಿಯಮ ಸೇರಿಸಿದರು: ಸ್ನಾನ ಮಾಡದೆ ಯಾರೂ ಒಳಗೆ ಹೋಗಬಾರದು. ಮಾಸ್ತರ ಕೂಡ ಒಮ್ಮೆ ಜಮಖಂಡಿಯಿಂದ ಬಂದವರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡೇ ಒಳಗೆ ಹೋಗಬೇಕಾಯಿತು.

ಆ ವರ್ಷ ಬೇಸಿಗೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಲೆಕ್ಕ ತೆಗೆಯಲು ಖೋಲಿಗೆ ಹೋದೆ. ಆಯಿ ಸರ್ವರಿನ ಮಗ್ಗುಲಲ್ಲಿ ಚಾಪೆ ಹಾಸಿಕೊಂಡು, ಎಲೆಅಡಿಕೆ ಚೀಲ ಪಕ್ಕಕ್ಕಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

“ಆಯಿ, ಇಲ್ಲಿ ಯಾರೂ ಬರಬಾರದಂತ ಮಾಸ್ತರ ಹೇಳ್ಯಾರಲ್ರಿ.”

“ಯಾಕ?”

“ಅದಕ್ಕ ಸೆಕಿ ಆಗಬಾರದಂತರಿ.”

“ನನಗ ಆಗಬೋದೇನು?”

ಈ ಪ್ರಶ್ನೆಗೆ ಉತ್ತರವನ್ನು ಮಾಸ್ತರ ಕಲಿಸಿರಲಿಲ್ಲ. ಆಯಿ ಕಣ್ಣು ತೆರೆಯದೆಯೇ ಮುಂದುವರಿಸಿದರು.

“ನಾ ಏನು ಅದನ್ನ ಮುಟ್ಟೇನೇನು? ಅದು ತನ್ನಷ್ಟಕ್ಕ ತಾ ಗುಂಯ್ ಅಂತೈತಿ, ನಾ ನನ್ನಷ್ಟಕ್ಕ ನಾ ಕುಂತೇನಿ. ನಿನಗಿಂತ ಅದ ಛಲೋ, ಎದುರು ಮಾತಾಡಂಗಿಲ್ಲ.”

ಆಯಿಗೆ ಬಿಟ್ಟ ಮೇಲೆ ಬೇರೆಯವರನ್ನು ತಡೆಯುವುದು ಹೇಗೆ? ಮಗ್ಗುಲ ಮನೆಯವರು ಬೆಣ್ಣೆ ಕರಗುತ್ತದೆಂದು ಗಡಿಗೆ ತಂದಿಟ್ಟರು. ಹಿಂದಿನ ಮನೆಯಲ್ಲಿ ಲಗ್ನವಿತ್ತು, ಅವರ ಮಲ್ಲಿಗೆ ದಂಡೆಗಳು ಬಂದವು. ಬಾಣಂತನಕ್ಕೆ ಬಂದಿದ್ದ ಹುಡುಗಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಸರ್ವರಿನ ಗುಂಯ್ ಸದ್ದಿಗೆ ಆ ಕೂಸು ಗಳಿಗೆಯಲ್ಲಿ ನಿದ್ದೆ ಹೋಯಿತು. ಸುದ್ದಿ ಹರಡಲು ತಡವಾಗಲಿಲ್ಲ. ಓಣಿಯ ಹಟಮಾರಿ ಕೂಸುಗಳೆಲ್ಲ ಒಂದೊಂದಾಗಿ ನಮ್ಮ ಸರ್ವರಿನ ಮುಂದೆ ಮಲಗಿ ಎದ್ದು ಹೋದವು.

ಇದೇ ಹೊತ್ತಿನಲ್ಲಿ ಮಾಸ್ತರ ಯಂತ್ರ ಸ್ವಚ್ಛ ಮಾಡಲು ಬಂದರು. ಬಾಗಿಲು ತೆರೆದವರು ಅಲ್ಲಿಯೇ ನಿಂತರು. ಒಳಗೆ ಹೆಂಗಸರು, ಜೋಳಿಗೆಯಲ್ಲಿ ಕೂಸು, ಸರ್ವರಿನ ತಲೆಯ ಮೇಲೆ ಬೆಣ್ಣೆಯ ಗಡಿಗೆ.

“ಇದು ಸರ್ವರ್ ರೂಮೋ, ದವಾಖಾನಿಯೋ?”

“ಸಾವಕಾಶ ಮಾತಾಡು, ಕೂಸು ಈಗ ಮಲಗೈತಿ,” ಎಂದರು ಆಯಿ. ಅಲ್ಲಿಯೇ ತಣ್ಣಗಿಟ್ಟಿದ್ದ ಮಜ್ಜಿಗೆಯನ್ನು ಒಂದು ತಂಬಿಗೆ ಕೊಟ್ಟರು. ಜಮಖಂಡಿಯಿಂದ ಬಿಸಿಲಲ್ಲಿ ಮೋಟಾರ್ ಸೈಕಲ್ ಹೊಡೆದುಕೊಂಡು ಬಂದ ಮನುಷ್ಯ. ಮಜ್ಜಿಗೆ ಕುಡಿದರು, ಗೋಡೆಗೆ ಒರಗಿದರು, ಬಹಳ ಹೊತ್ತು ಏಳಲಿಲ್ಲ. ಅದುವರೆಗೆ ತಿಂಗಳಿಗೊಮ್ಮೆ ಬರುತ್ತಿದ್ದವರು ಆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಂದು ಸರ್ವರ್ ನೋಡಿಕೊಂಡು ಹೋಗತೊಡಗಿದರು.

ಕೇಡು ಬಂದದ್ದು ನಾದಿನಿಯನ್ನು ನೋಡಲು ಮುಧೋಳದವರು ಬರುತ್ತೇವೆಂದು ಹೇಳಿ ಕಳಿಸಿದಾಗ. ಬಿಸಿಲು ಉರಿಯುತ್ತಿದ್ದ ದಿನಗಳು. ಪಡಸಾಲೆಯಲ್ಲಿ ಕೂತವರು ಬೆವರಿನಲ್ಲಿ ತೋಯ್ದು ಹೋಗುತ್ತಿದ್ದರು.

“ತಂಪು ಖೋಲ್ಯಾಗ ಕುಂಡ್ರಸೂಣು,” ಎಂದರು ಆಯಿ.

ನಾನು ಬೇಡವೆಂದೆ. ನನ್ನ ಗಂಡ ಬೇಡವೆಂದರು. ಮಾವ ಅಕ್ಕನ ಮುಖ ನೋಡಿ, “ಬೀಗರು ಸ್ನಾನ ಮಾಡೇ ಬರತಾರ ತಗೋ,” ಎಂದರು.

ಖೋಲಿಗೆ ಬೆಂಚು, ಕುರ್ಚಿ ಬಂದವು. ಕಪ್ಪು ಡಬ್ಬಿ ಮೂಲೆಯಲ್ಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಆಯಿ ಅದರ ಮೇಲೆ ಕೆಂಪು ಅಂಚಿನ ಹೊಸ ಸೀರೆಯೊಂದನ್ನು ಹೊದಿಸಿದರು. ಗಾಳಿ ಆಡಲೆಂದು ನಾನು ಹಿಂದಿನಿಂದ ಒಂದಿಷ್ಟು ಎತ್ತಿ ಕಟ್ಟಿದೆ. ಲಗ್ನದ ಸುಗ್ಗಿಯಾದ್ದರಿಂದ ನನ್ನ ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ, ಜಮಖಂಡಿಯಲ್ಲೇ ಉಳಿದರು. ಮನೆಗೆ ಬೀಗರು ಬರುತ್ತಾರೆಂದು ಮಗ್ಗ ನಿಲ್ಲಿಸಿದ್ದರು. ಅಷ್ಟು ಸದ್ದಿಲ್ಲದ ಮನೆಯನ್ನು ನಾನು ಮೊದಲ ಸಲ ಕಂಡೆ.

ಮುಧೋಳದವರು ಬಂದರು. ವರ, ವರನ ತಂದೆತಾಯಿ, ಅವನ ಸೋದರಮಾವ. ಮಾತೆಲ್ಲ ಈ ಸೋದರಮಾವನದೇ. ಒಳಗೆ ಬಂದವರೇ ತಂಪಿಗೆ ಒಮ್ಮೆ ಉಸಿರುಬಿಟ್ಟು, ಚಪ್ಪಲಿ ಬಿಟ್ಟು ಬಂದದ್ದನ್ನೂ ಮೂಲೆಯಲ್ಲಿ ಸೀರೆ ಉಟ್ಟು ಮಿಣಮಿಣ ಎನ್ನುತ್ತಿದ್ದುದನ್ನೂ ಕೂಡಿಸಿ ನೋಡಿ, ಕೈಮುಗಿದರು.

“ಯಾವ ದೇವರ್ರಿ?”

“ದೇವರಲ್ರಿ. ನಮ್ಮ ಧಂದೆ,” ಎಂದರು ಮಾವ.

“ಎರಡೂ ಒಂದರಿ,” ಎಂದು ಸೋದರಮಾವ ಮುಗಿದ ಕೈಯನ್ನು ಇಳಿಸಲಿಲ್ಲ.

ನಾನು ಅಡುಗೆಮನೆಯಲ್ಲಿ ಸಜ್ಜಕ ತಿರುವುತ್ತಿದ್ದೆ. ಫೋನು ಬಡಿದುಕೊಂಡಿತು. ಜಮಖಂಡಿಯಿಂದ ನನ್ನ ಗಂಡ.

“ಬಿಲ್ ಹೊರಗ ಬರವಲ್ದು. ಅಂಗಡಿ ತುಂಬ ಗಿರಾಕಿ ಅದಾರ. ಸರ್ವರ್ ಏನಾಗೇತಿ ನೋಡು.”

“ಬೀಗರು ಕುಂತಾರ್ರಿ.”

“ಎಲ್ಲಿ?”

“ಸರ್ವರ್ ಮುಂದ.”

ಫೋನಿಟ್ಟು, ತಲೆತುಂಬ ಸೆರಗು ಹೊದ್ದು, ಸಜ್ಜಕದ ತಟ್ಟೆಗಳನ್ನು ಹಿಡಿದುಕೊಂಡು ಖೋಲಿಗೆ ಹೋದೆ. ಬಾಗಿಲಲ್ಲೇ ಗೊತ್ತಾಯಿತು, ಗುಂಯ್ ಸದ್ದಿಲ್ಲ. ಬೆಂಚಿನ ಹಿಂದಿನ ಬೋರ್ಡಿನಲ್ಲಿ ಸರ್ವರಿನ ಪ್ಲಗ್ ಇರಬೇಕಾದ ಕಡೆ ಒಂದು ಮೊಬೈಲ್ ಚಾರ್ಜರ್ ಇತ್ತು. ಅದರ ವಾಯರು ಸೋದರಮಾವನ ಜೇಬಿನವರೆಗೆ ಹೋಗಿತ್ತು.

ನಾನು ತಟ್ಟೆಗಳನ್ನು ಇಳಿಸಿ ಅವರ ಮುಂದೆ ಬಗ್ಗಿದೆ.

“ಬಾರವಾ, ಕುಂಡ್ರು,” ಎಂದರು ಅವರು ಪ್ರೀತಿಯಿಂದ. “ಹೆಸರೇನವಾ?”

ಹೇಳಿದೆ.

“ಎಲ್ಲೀತನಾ ಓದೀ?”

“ಬಿ.ಕಾಂ. ಆಗೇತ್ರಿ.”

“ಅಡಗಿ ಎಲ್ಲಾ ಬರತೈತೇನು?”

“ಬರತೈತ್ರಿ. ನಿಮ್ಮ ಕಾಲು ಒಂದೀಟು ಆಚೆ ತಗೀರಿ.”

ವರ ನನ್ನನ್ನು ನೋಡಿ ಮತ್ತೆ ತನ್ನ ತಾಯಿಯನ್ನು ನೋಡಿದ. ಮಾವ ಗಂಟಲು ಸರಿ ಮಾಡಿಕೊಂಡು, “ಇಕಿ ನಮ್ಮ ಸೊಸಿರಿ. ಹುಡುಗಿ ಇನ್ನ ಬರಬೇಕು,” ಎಂದರು. ಸೋದರಮಾವ ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡರು. ನಾನು ಬೆಂಚಿನ ಅಡಿಗೆ ಹೊಕ್ಕು, ಚಾರ್ಜರ್ ಕಿತ್ತು, ಪ್ಲಗ್ ಚುಚ್ಚಿ, ಸೆರಗಿನಲ್ಲಿ ಜೇಡರ ಬಲೆ ಅಂಟಿಸಿಕೊಂಡು ಆಚೆ ಕಡೆಯಿಂದ ಹೊರಬಂದೆ.

“ಅದು ಫ್ಯಾನಿಂದಂತ ಮಾಡಿದ್ನಿ,” ಎಂದರು ಸೋದರಮಾವ.

ಯಂತ್ರ ಹತ್ತಿತು, ಆದರೆ ಸರಿಯಾಗಿ ಏಳಲಿಲ್ಲ. ಬಿಲ್ ಬರೆಯುತ್ತಿದ್ದಾಗಲೇ ಕರೆಂಟು ಹೋದದ್ದರಿಂದ ಒಳಗಿನ ಲೆಕ್ಕ ಕೆಟ್ಟಿತ್ತು. ಮಾಸ್ತರ ಬಂದು ಕೂತು ಸರಿ ಮಾಡುವವರೆಗೆ ಅಂಗಡಿಗಳಲ್ಲಿ ಕೈಯಿಂದ ಬಿಲ್ ಬರೆದರು. ನನ್ನ ಗಂಡನ ಅಕ್ಷರ ಎಂಥದೆಂದರೆ, ಮರುದಿನ ಅವರಿಗೇ ಓದಲು ಬರುವುದಿಲ್ಲ. ಆ ವಾರ ಯಾವ ಸೀರೆ ಯಾರಿಗೆ ಹೋಯಿತೆಂಬುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಮುಧೋಳದವರು ಮಾತ್ರ ಹೂಂ ಎಂದು ಹೇಳಿ ಕಳಿಸಿದರು. ಮನೆತನ ತಂಪೈತಿ, ಎಂದಿದ್ದರಂತೆ. ಸೊಸಿ ಒಬ್ಬಾಕಿ ಸ್ವಲ್ಪ ಖಡಕ್ ಅದಾಳ, ಎಂದೂ ಸೇರಿಸಿದ್ದರಂತೆ.

ನಾದಿನಿಯ ಲಗ್ನ ಮುಗಿದ ಮೇಲೆ ಮಾಸ್ತರ ಮಾವನ ಮುಂದೆ ಬಂದು ಕೂತರು.

“ಇನ್ನ ಈ ಮನ್ಯಾಗ ಸರ್ವರ್ ಉಳಿಯಂಗಿಲ್ರಿ. ಇದಕ್ಕಂತನ ಪುಣೇದಾಗ ಒಂದು ಕಂಪನಿ ಐತಿ. ದೊಡ್ಡ ಕಟ್ಟಡ. ಸಾವಿರಗಟ್ಟಲೆ ಯಂತ್ರ. ಹಗಲೂ ರಾತ್ರಿ ಎ.ಸಿ., ಜನರೇಟರ್, ಕಾವಲು ಎಲ್ಲಾ ಅದಾವ. ನಮ್ಮ ಅಂಗಡಿ ಲೆಕ್ಕ ಅಲ್ಲಿಡೂದು, ಇಂಟರ್ನೆಟ್‌ನಾಗ ಇಲ್ಲಿಂದ ನೋಡೂದು. ತಿಂಗಳಾ ತಿಂಗಳಾ ರೊಕ್ಕಾ ಕಟ್ಟಿದರಾತು.”

“ಅಂದ್ರ ಬಾಡಿಗಿ ಮನಿ.”

“ಹಂಗ ಅನಬೋದ್ರಿ.”

“ನಮ್ಮ ವಂಶದಾಗ ಯಾರೂ ಬಾಡಿಗಿ ಮನ್ಯಾಗ ಇದ್ದಿಲ್ಲ.” ಮಾವ ತುಸು ಯೋಚಿಸಿದರು. “ಇದಕ್ಕ ಏನಂತಾರ?”

“ಕ್ಲೌಡ್ ಅಂತಾರ್ರಿ.”

“ಹಂಗಂದ್ರ?”

ಮಾಸ್ತರ ಕಿಟಕಿಯಿಂದ ಹೊರಗೆ ನೋಡಿದರು. ಜೂನ್ ಬಂದರೂ ಮುಗಿಲು ಬೋಳಾಗಿತ್ತು. ಕನ್ನಡದಲ್ಲಿ ಅರ್ಥ ಹೇಳಿದರೆ ನಮ್ಮ ಕಡೆಯ ಯಾರೂ ನಂಬುವಂತಿರಲಿಲ್ಲ.

“ಅದು ಹೆಸರಷ್ಟರಿ,” ಎಂದರು.

ಆಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಅದು ಹೋದ್ರ ಎ.ಸಿ. ಏನಾಕ್ಕೈತಿ?”

ಮಾಸ್ತರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಆಮ್ಯಾಲೆ ಅದರ ಜರೂರ ಇಲ್ರಿ, ಆಯಿ.”

ಆ ಗಳಿಗೆಯಿಂದ ಆಯಿ ಸರ್ವರಿನ ಪಕ್ಷ ವಹಿಸಿದರು. ಮನೆಯ ಲಕ್ಷ್ಮಿಯನ್ನು ಪರಊರಿಗೆ ಯಾರಾದರೂ ಕಳಿಸುತ್ತಾರೇನು, ಅಲ್ಲಿ ಅದಕ್ಕೆ ನಮ್ಮವರೆನ್ನುವವರು ಯಾರಿದ್ದಾರೆ, ಎಂದು ದಿನವೂ ಊಟದ ಹೊತ್ತಿಗೆ ಕೇಳುತ್ತಿದ್ದರು. ಎ.ಸಿ. ತೆಗೆಯುವುದಿಲ್ಲವೆಂದು ಮಾವ ಮಾತು ಕೊಟ್ಟ ಮೇಲೆ ಲಕ್ಷ್ಮಿಯ ವಿಚಾರ ಸ್ವಲ್ಪ ತಣ್ಣಗಾಯಿತು. ಆದರೆ ಮಾವನಿಗೇ ಈಗ ಸಂಶಯ ಹೊಕ್ಕಿತ್ತು.

“ಹೆಣ್ಣು ಕೊಡೂ ಮುಂದ ಹೋಗಿ ಮನಿ ನೋಡಿ ಬರತೇವಿ. ಇದನ್ನ ನೋಡಲಾರದ ಹೆಂಗ ಕೊಡೂದು? ಮನಿ ನೋಡೂನು, ಆಮ್ಯಾಲೆ ಮಾತು.”

ಹೇಗಿದ್ದರೂ ಯಾರಾದರೂ ಹೋಗಲೇಬೇಕಿತ್ತು. ನಮ್ಮೂರಿನ ಇಂಟರ್ನೆಟ್ಟಿನಲ್ಲಿ ಅಷ್ಟೂ ಲೆಕ್ಕವನ್ನು ಪುಣೆಗೆ ಕಳಿಸುವುದೆಂದರೆ ಚಮಚದಿಂದ ಬಾವಿ ತೋಡಿದ ಹಾಗೆ. ಎಲ್ಲವನ್ನೂ ಒಂದು ಡಿಸ್ಕಿಗೆ ತುಂಬಿ ಕೈಯಲ್ಲೇ ಒಯ್ಯುವುದೆಂದು ಮಾಸ್ತರ ಹೇಳಿದರು. ಮಾವ, ಆಯಿ, ಮಾಸ್ತರ, ನಾನು ಹೊರಟೆವು.

ಹೊರಡುವ ಮುಂದೆ ತವರಿಗೆ ಫೋನು ಮಾಡಿದ್ದೆ. ಆಣೆಕಟ್ಟಿನ ಹಿನ್ನೀರು ಬಂದಾಗ ಮನೆ ಬಿಚ್ಚಿ, ತೊಲೆ ಬಾಗಿಲು ಹೊತ್ತು ಹೊಸ ಜಾಗಕ್ಕೆ ಹೋದವರು ನಮ್ಮಪ್ಪ. ಸಾಗಿಸುವುದೆಂದರೆ ಅವರಿಗೆ ಆಸಕ್ತಿಯ ವಿಷಯ.

“ಹೊಸಾ ಮನ್ಯಾಗ ಒಲಿ ಹತ್ತೂತನಾ ಹಳೇದರ ಕೀಲಿ ಕೊಡಬ್ಯಾಡ್ರಿ,” ಎಂದರು.

ಮಾಸ್ತರಿಗೆ ಹೇಳಿದೆ. ಹಳೆ ಸರ್ವರನ್ನು ಒಂದು ತಿಂಗಳು ಹಾಗೆಯೇ ಚಾಲೂ ಇಡೋಣ ಎಂದು ಅವರೂ ಅದನ್ನೇ ಯೋಚಿಸಿದ್ದರಂತೆ. ಅಪ್ಪ ಫೋನಿನಲ್ಲಿ ತೊಲೆಗಳ ವಿಷಯವನ್ನೂ ಬಹಳ ಹೇಳಿದರು. ಅದು ನಮಗೆ ಉಪಯೋಗಕ್ಕೆ ಬರಲಿಲ್ಲ.

ಡಿಸ್ಕು ನಮ್ಮ ಅಂಗೈಯಗಲದ್ದು. ಆಯಿ ಅದನ್ನು ನಮ್ಮದೇ ಮಗ್ಗದ ಸೀರೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟರು. ಅಂಥದೇ ಇನ್ನೊಂದು ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮಾವ ಬಸ್ಸು ಹತ್ತಿದವರೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದರು. ಡಿಕ್ಕಿಯಲ್ಲಿ ಇಡಿ ಎಂದ ಕಂಡಕ್ಟರನನ್ನು ನೋಡಿದ ರೀತಿಗೆ ಅವನು ಮತ್ತೆ ಆ ಕಡೆ ಬರಲಿಲ್ಲ. ನಿದ್ದೆ ಮಾಡಲಿಲ್ಲ, ಒರಗಲಿಲ್ಲ. ಚಹಾಕ್ಕೆ ನಿಲ್ಲಿಸಿದಾಗ ಡಬ್ಬಿ ಹಿಡಿದುಕೊಂಡೇ ಮೂತ್ರಕ್ಕೆ ಹೋದರು.

“ಧಂದೆನ ಎಲ್ಲೆಲ್ಲಿ ಒಯ್ತೀಯೋ,” ಎಂದರು ಆಯಿ.

ಪುಣೆಯ ಆ ಕಟ್ಟಡ ಊರ ಹೊರಗೆ, ಕಾರ್ಖಾನೆಗಳ ನಡುವೆ ಇತ್ತು. ಕಿಟಕಿಯೇ ಇಲ್ಲದ ನಾಲ್ಕು ಅಂತಸ್ತು. ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ. ಮಾವನಿಗೆ ಬಂದೂಕು ನೋಡಿ ಸಮಾಧಾನವಾಯಿತು.

“ಡಬ್ಯಾತ್ ಕಾಯ್ ಆಹೇ?” ಎಂದು ಕಾವಲುಗಾರ ಮರಾಠಿಯಲ್ಲಿ ಕೇಳಿದ. ಡಬ್ಬಿಯಲ್ಲೇನಿದೆ ಎಂದು. ಸೀರೆ ವ್ಯಾಪಾರದಲ್ಲಿ ಬೆಳೆದ ಮಾವನಿಗೆ ಮರಾಠಿ ನೀರು ಕುಡಿದ ಹಾಗೆ. ಬನಹಟ್ಟಿಯ ನಮ್ಮ ಧಂದೆಯೆಲ್ಲ ಇದರಲ್ಲಿದೆ, ಎರಡು ತಲೆಮಾರಿನ ದುಡಿಮೆ, ಹುಷಾರಾಗಿ ತೆರೆ, ಎಂದು ಹೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಕಾವಲುಗಾರ ಎರಡೂ ಕೈಯಿಂದ ಮುಚ್ಚಳ ತೆಗೆದ. ಒಳಗೆ ರೊಟ್ಟಿಗಳು ಒಂದರ ಮೇಲೊಂದು. ನಡುವೆ ಚಟ್ನಿಯ ಪೊಟ್ಟಣ.

ಮಾವ ರೊಟ್ಟಿಗಳನ್ನು ಎತ್ತಿ ಅಡಿಯಲ್ಲಿ ನೋಡಿದರು. ಆಯಿ ಮಾತ್ರ ತಮ್ಮ ಚೀಲದೊಳಗೆ ಕೈಹಾಕಿ ಇನ್ನೊಂದು ಡಬ್ಬಿಯನ್ನು ಹೊರತೆಗೆದರು.

“ಇಲ್ಲೈತಿ ತಗೋ. ಬಸ್ಸಿನ್ಯಾಗ ನನ್ನ ಕಾಲಬುಡಕ ಇತ್ತು. ಕಾಲಿಡಾಕ ಬೇಷ್ ಆಗಿತ್ತು.”

ದಾರಿಯುದ್ದಕ್ಕೂ ಹೇಳಲಿಲ್ಲ ಯಾಕೆ ಎಂದು ಮಾವ ಕೇಳಿದರು. ನೀನು ಕೇಳಲಿಲ್ಲ, ಎಂದರು ಆಯಿ. ಕಾವಲುಗಾರ ರೊಟ್ಟಿಯ ಡಬ್ಬಿ ಮುಚ್ಚುವ ಮೊದಲು ಚಟ್ನಿಯ ವಾಸನೆ ನೋಡಿದ. ಆಯಿ ಅವನಿಗೆ ಎರಡು ರೊಟ್ಟಿ ಕೊಟ್ಟರು. ಮುಂದೆ ನಮ್ಮನ್ನು ಯಾರೂ ತಡೆಯಲಿಲ್ಲ.

ಮ್ಯಾನೇಜರ್ ಇನ್ನೂ ಮೀಸೆ ಬಲಿಯದ ಹುಡುಗ, ಆದರೆ ಬಹಳ ತಾಳ್ಮೆಯವನು. ಚಪ್ಪಲಿ ಬಿಡಿಸಿದ, ಕಾಲಿಗೆ ನೀಲಿ ಚೀಲ, ತಲೆಗೆ ಟೊಪ್ಪಿಗೆ ಹಾಕಿಸಿದ. ಆಯಿ ಟೊಪ್ಪಿಗೆಯನ್ನು ಸೆರಗಿನ ಮೇಲೆಯೇ ಹಾಕಿಕೊಂಡರು. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ತೆರೆಯಿತು. ಒಳಗೆ ಮಳಿಗೆಯ ಸಾಲುಗಳ ಹಾಗೆ ಕಪ್ಪು ಕಪಾಟುಗಳು, ಉದ್ದಕ್ಕೂ ಮಿಣುಕುವ ದೀಪ, ಕಾಲಿನಿಂದ ಮೇಲಕ್ಕೆ ಏರುವ ತಂಪು. ಆ ಗುಂಯ್ ಸದ್ದು ನಮ್ಮ ಮಗ್ಗದ ಸದ್ದಿಗಿಂತ ಕಡಿಮೆಯಿರಲಿಲ್ಲ. ನಾವು ನಾಲ್ವರೂ ಅಭ್ಯಾಸಬಲದಿಂದ ಕೂಗಿ ಮಾತಾಡತೊಡಗಿದೆವು.

“ಇಡೀ ಬನಹಟ್ಟಿ ಕೂಸು ಇಲ್ಲಿ ಮಲಗಸಬೋದು,” ಎಂದರು ಆಯಿ.

ಮಾವ ಮನೆ ನೋಡುವವರ ಎಲ್ಲ ಪ್ರಶ್ನೆ ಕೇಳಿದರು. ನೀರಿನ ವ್ಯವಸ್ಥೆ ಹೇಗೆ, ಕರೆಂಟು ಹೋದರೆ ಏನು, ಅಕ್ಕಪಕ್ಕದವರು ಎಂಥವರು. ಕೊನೆಗೆ, “ಇದರಾಗ ನಮ್ಮದು ಯಾವ್ದು ತೋರಸ್ರಿ,” ಎಂದರು.

ಮ್ಯಾನೇಜರ್ ಹೇಳಿದ್ದನ್ನು ಮಾಸ್ತರ ನಮಗೆ ಬಿಡಿಸಿ ಹೇಳಿದರು. ಇಂಥದೇ ಯಂತ್ರ ಎಂದು ಇರುವುದಿಲ್ಲ. ಇವತ್ತು ಇದರಲ್ಲಿ, ನಾಳೆ ಅದರಲ್ಲಿ. ಒಂದು ಕೆಟ್ಟರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಒಂದು ಪ್ರತಿ ಬೇರೆ ಊರಿನಲ್ಲೂ ಇರುತ್ತದೆ.

“ಯಾವ ಖೋಲ್ಯಾಗ ಅದಾಳ ಅಂತನ ಗೊತ್ತಿಲ್ಲದ ಮನಿಗೆ ಮಗಳನ್ನ ಕೊಡತೀನೇನು ನಾ?” ಮಾವ ಡಬ್ಬಿಯನ್ನು ಎದೆಗವಚಿಕೊಂಡರು. ಮಾಸ್ತರ ನನ್ನ ಕಡೆ ನೋಡಿದರು. ಪುಣೆಯವರೆಗೆ ಬಂದು ಡಿಸ್ಕು ತಿರುಗಿ ಬನಹಟ್ಟಿಗೆ ಹೋಗುವ ಹಾಗೆ ಕಂಡಿತು.

ಆಯಿ ಕಪಾಟುಗಳ ಸಾಲನ್ನು ನೋಡುತ್ತ ನಿಂತಿದ್ದರು. “ನಾವು ಸಣ್ಣವರಿದ್ದಾಗ ಅಟ್ಟದ ಮ್ಯಾಲೆ ಹತ್ತು ಹನ್ನೆರಡು ಹುಡುಗರು ಮಲಗತಿದ್ದಿವಿ. ನೀ ಯಾರ ಮಗ್ಗಲಾಗ ಮಲಗೀದಿ ಅಂತ ಅವ್ವ ಯಾವತ್ತರೆ ನೋಡಿದ್ಲೇನು? ಮುಂಜಾನೆ ಎಣಿಸಿದಾಗ ಇದ್ದರಾತು.”

“ಅತ್ತರ ಯಾರು ಎತ್ತಿಕೋತಾರ?” ಎಂದರು ಮಾವ.

ಮಾಸ್ತರ ಇದನ್ನು ಯಾವ ಮಾತಿನಲ್ಲಿ ಕೇಳಿದರೋ ತಿಳಿಯದು. ಹಗಲು ರಾತ್ರಿ ಯಾರಾದರೊಬ್ಬರು ಇರುತ್ತಾರೆ ಎಂದ ಮ್ಯಾನೇಜರ್. ಆ ಹೊತ್ತಿಗೆ ಪಾಳಿಯಲ್ಲಿದ್ದವಳು ಒಬ್ಬ ಹುಡುಗಿ, ಜೀನ್ಸ್ ಪ್ಯಾಂಟು, ಮೇಲೊಂದು ಉಣ್ಣೆಯ ಕೋಟು. ಆಯಿಗೆ ಅವಳನ್ನು ನೋಡಿದ್ದೇ ಧೈರ್ಯ ಬಂತು. ಅವಳ ಕೈಹಿಡಿದು ಹೊರಗೆ ಕರೆದುಕೊಂಡು ಬಂದು ಚೀಲದಿಂದ ಕುಬುಸದ ಖಣ, ಅಕ್ಕಿ, ತೆಂಗಿನಕಾಯಿ ತೆಗೆದರು. ಅಕ್ಕಿ ಒಳಗೆ ಬೀಳುವುದು ಬೇಡ, ಇನ್ನೊಂದು ಬಾಗಿಲ ಆಚೆ ಮಾಡಿ ಎಂದು ಮ್ಯಾನೇಜರ್ ಬೇಡಿಕೊಂಡ. ಹುಡುಗಿಗೆ ಉಡಿ ತುಂಬಿಸಿಕೊಳ್ಳಲು ಸೆರಗಿರಲಿಲ್ಲ. ಸ್ವಲ್ಪ ಯೋಚಿಸಿ ಕೋಟಿನ ಎರಡೂ ಅಂಚನ್ನು ಹಿಡಿದು ಚಾಚಿದಳು.

“ನಮ್ಮದನ್ನ ನಿನ್ನ ಉಡ್ಯಾಗ ಹಾಕೇನವಾ. ಚಂದಂಗ ನೋಡಿಕೋ,” ಎಂದರು ಆಯಿ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಬಗ್ಗಿ ಕಾಲು ಮುಟ್ಟಿದಳು. ಮಾವ ಡಬ್ಬಿಯನ್ನು ಮ್ಯಾನೇಜರನ ಕೈಗೆ ಕೊಟ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಖಾಲಿ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಮಗಳ ಲಗ್ನ ಮಾಡಿ ಕಳಿಸಿದ ದಿನವೂ ಅವರು ಹೀಗೆಯೇ ಕೂತಿದ್ದರು. ಕೊಲ್ಲಾಪುರ ದಾಟಿದ ಮೇಲೆ ರೊಟ್ಟಿ ಉಳಿದಿದೆಯೇ ಎಂದು ಕೇಳಿದರು.

ಪುಣೆಯ ಯಂತ್ರಗಳು ಚೆನ್ನಾಗಿ ನಡೆದವು. ನಮ್ಮಪ್ಪ ಹೇಳಿದಂತೆ ತಿಂಗಳು ಕಾದು ಹಳೆಯದನ್ನು ಬಂದ್ ಮಾಡಿದೆವು. ಆದರೆ ಅದನ್ನು ಗುಜರಿಗೆ ಕೊಡಲು ಆಗಲಿಲ್ಲ. ಮುಂದಿನ ಬೇಸಿಗೆಗೆ ನಾದಿನಿ ಬಾಣಂತನಕ್ಕೆ ಬಂದಳು, ಅವಳ ಕೂಸು ಯಾರೆತ್ತಿದರೂ ಮಲಗಲಿಲ್ಲ. ಆಯಿ ಹೋಗಿ ಹಳೆ ಸರ್ವರಿನ ಸ್ವಿಚ್ ಹಾಕಿದರು. ಒಳಗೆ ಒಂದಕ್ಷರ ಲೆಕ್ಕವಿಲ್ಲದ ಆ ಯಂತ್ರ ಮುಂದೆ ಎಷ್ಟೋ ತಿಂಗಳು ಗುಂಯ್ ಎನ್ನುತ್ತ ಜೋಗುಳ ಹಾಡಿತು. ಇದನ್ನು ಕಂಡ ಮಾಸ್ತರ ಮಜ್ಜಿಗೆ ಕುಡಿದು ಹೋದರು.

ತೊಂದರೆ ಬಂದದ್ದು ನಾವ್ಯಾರೂ ಎಣಿಸದ ಕಡೆಯಿಂದ. ಕಬ್ಬಿನ ಹಂಗಾಮು ಶುರುವಾಯಿತು. ಹುನ್ನೂರು, ಬಾಡಗಂಡಿ, ಎಲ್ಲೆಲ್ಲಿಯದೋ ಸಕ್ಕರೆ ಕಾರ್ಖಾನೆಯ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮನೆಯೆತ್ತರ ಕಬ್ಬು ಹೇರಿಕೊಂಡು ಹಗಲೆಲ್ಲ ಓಡಾಡತೊಡಗಿದವು. ನಮ್ಮ ಇಂಟರ್ನೆಟ್ಟಿನ ವಾಯರು ರಸ್ತೆಯ ಮೇಲೆ ಕಂಬದಿಂದ ಕಂಬಕ್ಕೆ ಜೋತಾಡುತ್ತಿತ್ತು. ಒಂದು ದಿನ ಕಬ್ಬಿನ ತುದಿ ಅದನ್ನು ಸಿಕ್ಕಿಸಿಕೊಂಡು ಎಳೆದುಕೊಂಡು ಹೋಯಿತು. ಮನೆಯ ಲೆಕ್ಕ ನಿಂತಿತು. ಇವತ್ತಿನ ಲೆಕ್ಕ ನೋಡಿದೆಯಾ ಎಂದು ಜಮಖಂಡಿಯಿಂದ ನನ್ನ ಗಂಡನ ಫೋನು. ನಾನು ಪುಣೆಗೆ ಫೋನು ಮಾಡಿದೆ. ನಮ್ಮ ಕಡೆ ಎಲ್ಲ ಸುರಕ್ಷಿತವಾಗಿದೆ, ಎಂದರು ಅವರು. ಖರೆ, ಸುರಕ್ಷಿತವಾಗಿತ್ತು. ನಮಗೆ ಕಾಣುತ್ತಿರಲಿಲ್ಲ, ಅಷ್ಟೇ.

ವಾಯರು ಜೋಡಿಸಿದರು. ಮತ್ತೆ ಹರಿಯಿತು. ಮತ್ತೆ ಜೋಡಿಸಿದರು. ನೋಡುವಷ್ಟು ನೋಡಿ ಮಾವ ಒಂದು ಮುಂಜಾನೆ ತಲೆಗೆ ರುಮಾಲು ಸುತ್ತಿ, ತುದಿಯಲ್ಲಿ 'ವೈ' ಆಕಾರದ ಕವಲಿದ್ದ ಉದ್ದನೆಯ ಬಿದಿರು ಗಳ ಹಿಡಿದು ಹೊರಟರು. ರಸ್ತೆಯ ಮೂಲೆಯಲ್ಲಿ ಪಾನ್ ಅಂಗಡಿಯ ಕಟ್ಟೆ ಹಿಡಿದು ಕೂತರು. ಟ್ರ್ಯಾಕ್ಟರು ಬಂದರೆ ಎದ್ದು ಕೈಯಡ್ಡ ಹಿಡಿದು ನಿಲ್ಲಿಸುವುದು, ಗಳದಿಂದ ವಾಯರು ಎತ್ತುವುದು, ಹೋಗು ಎನ್ನುವುದು. ಮನೆಯ ಯಜಮಾನ ಬೀದಿಯಲ್ಲಿ ನಿಂತು ಹೀಗೆ ಮಾಡುವುದು ನನ್ನ ಗಂಡನಿಗೆ ನಾಚಿಕೆಯೆನಿಸಿತು. ಮಾವನಿಗೆ ಅನಿಸಲಿಲ್ಲ.

ನಾನು ಚಹಾ ಒಯ್ದ ಒಂದು ದಿನ ಹೊಸ ಡ್ರೈವರನೊಬ್ಬ ಕೆಳಗಿಳಿದು ಕೇಳುತ್ತಿದ್ದ. “ಏನ್ರಿ ಯಜಮಾನ್ರ, ಏನು ಕಾಯಾಕತ್ತೀರಿ?”

“ನಮ್ಮ ಎರಡೂ ಅಂಗಡಿ ಈ ಎಳ್ಯಾಗ ಹಾದು ಹೋಗತಾವೋ ತಮ್ಮಾ. ಸಾವಕಾಶ ಹೊಡಿ.”

ಡ್ರೈವರ ವಾಯರನ್ನು ನೋಡಿದ, ಮಾವನನ್ನು ನೋಡಿದ. ಎಳೆ ಎಂದರೆ ಮಗ್ಗದ ನೂಲೆಂದು ಅವನಿಗೂ ಗೊತ್ತಿತ್ತು. ಹರಿದ ಎಳೆ ಜೋಡಿಸುವ ಮನುಷ್ಯನ ಕೂಡ ವಾದ ಮಾಡುವುದೇಕೆಂದು ಮೇಲೆ ಹತ್ತಿ ನಿಧಾನವಾಗಿ ಗಾಡಿ ಬಿಟ್ಟ. ಬರಬರುತ್ತ ಡ್ರೈವರರೆಲ್ಲ ಪರಿಚಯವಾದರು. ದೂರದಿಂದಲೇ ಹಾರ್ನ್ ಹಾಕಿ, ಹೋಗುವಾಗ ಒಂದೆರಡು ಕಬ್ಬು ಎಳೆದು ಕಟ್ಟೆಯ ಮೇಲೆ ಒಗೆದು ಹೋಗುತ್ತಿದ್ದರು. ಆ ಚಳಿಗಾಲದಲ್ಲಿ ನಮ್ಮ ಓಣಿಯವರೆಲ್ಲ ಕಬ್ಬು ತಿಂದು ನಾಲಿಗೆ ಬಿರುಸು ಮಾಡಿಕೊಂಡರು.

ಮರುವರ್ಷ ಫೋನಿನವರು ಬಂದು ಹೊಸ ಕಂಬ ಹುಗಿದು ವಾಯರನ್ನು ಮೇಲೆತ್ತಿದರು. ಹಂಗಾಮು ಶುರುವಾದ ದಿನ ನೋಡಿದರೆ ಮಾವ ರುಮಾಲು ಸುತ್ತುತ್ತಿದ್ದರು.

“ಈಗ ವಾಯರು ಮ್ಯಾಲೇರಿಸ್ಯಾರಲ್ರಿ ಮಾಮಾರ, ಎಟಕಂಗಿಲ್ಲ,” ಎಂದೆ.

“ಗೊತ್ತೈತಿ,” ಎಂದು ಗಳವನ್ನು ಗೋಡೆಗೆ ಆನಿಸಿಟ್ಟು, ಬರಿಗೈಯಲ್ಲಿ ಮೂಲೆಯ ಕಡೆ ನಡೆದರು.